ಒಂದಕ್ಕೆ ಹೋಗದ ಮುಳ್ಳು

ಮುದ್ದಾಗಿದೆ ಎಂಬ ಒಂದೇ ಕಾರಣಕ್ಕೆ ಮೊಲವನ್ನು ಮನೆಗೆ ತಂದು, ನಮಗೆ ಹಿತವಾದದ್ದೆಲ್ಲ ಅದಕ್ಕೂ ಹಿತವೆಂದು ತೀರ್ಮಾನಿಸುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ಉತ್ತರ ಹುಡುಕಿ ಆಯಾಸಪಡಬೇಡಿ. ದಾವಣಗೆರೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಮ್ಮನವರ ಬಳಿಯೂ ಉತ್ತರವಿರಲಿಲ್ಲ. ಮೂವತ್ತೆರಡು ವರ್ಷ ಪರರಿಗೆ ಪ್ರಶ್ನೆ ಕೇಳಿ ದಣಿದಿದ್ದ ಅವರಿಗೆ ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳುವಷ್ಟು ತ್ರಾಣ ಉಳಿದಿರಲಿಲ್ಲ.

ಅವರ ಮೊಲದ ಹೆಸರು ಮಂಡಕ್ಕಿ. ಬಣ್ಣವೂ ಅದೇ, ಹಗುರವೂ ಅಷ್ಟೇ. ಸುಣ್ಣದ ಅಂಶದಿಂದ ಮೂಳೆ ಗಟ್ಟಿಯಾಗುತ್ತದೆ ಎಂಬ ಪಾಠವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದ ವಿಶಾಲಾಕ್ಷಮ್ಮನವರು, ಆ ಪಾಠದ ಗೌರವಾರ್ಥವಾಗಿ ಮಂಡಕ್ಕಿಗೆ ಮೂರು ಹೊತ್ತೂ ಆ ಅಂಶ ತುಂಬಿರುವ ನುಗ್ಗೆಸೊಪ್ಪು ಹಾಕುತ್ತಿದ್ದರು. ಒಂದು ವಾರದಿಂದ ಗೂಡಿನ ಚಾಪೆಯ ಮೇಲೆ ಗೋಡೆಗೆ ಬಳಿಯುವ ಸುಣ್ಣದಂಥ ಬಿಳಿಯ ಗಸಿ ಕಾಣತೊಡಗಿತ್ತು. ಮೊಲ ಬೆನ್ನು ಬಾಗಿಸಿಕೊಂಡು ಕೂರುತ್ತಿತ್ತು. ಅವರು ಇದನ್ನು ಪಶುವೈದ್ಯರಿಗೆ ಹೇಳಬೇಕಿತ್ತು, ತಮ್ಮನಿಗೆ ಹೇಳಿದರು.

ತಮ್ಮ ಪಂಚಾಕ್ಷರಿ ಮಾರುಕಟ್ಟೆ ಪ್ರಾಂಗಣದಲ್ಲಿ ತಕ್ಕಡಿಗಳನ್ನು ರಿಪೇರಿ ಮಾಡುವವನು. ರೊಟ್ಟಿಯನ್ನು ತೂಗಿ, ಯಾರು ಎಷ್ಟು ತಿಂದರೆಂದು ಬೀದಿಗೆಲ್ಲ ಕೇಳುವಂತೆ ಸಾರುವ ತಟ್ಟೆಯನ್ನು ಹಿಂದೊಮ್ಮೆ ತಯಾರಿಸಿದ್ದ. ಅದರಿಂದ ಎರಡು ಮದುವೆ ಮಾತುಕತೆಗಳು ಮುರಿದಿದ್ದವು. ಈ ಬಾರಿ ನಾಲ್ಕೇ ದಿನಗಳಲ್ಲಿ ‘ಜಲಸಾಕ್ಷಿ’ ಎಂಬ ಗೂಡನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಗೂಡಿನ ಕೆಳಗೆ ಮೊಲದ ಮೂತ್ರವನ್ನು ಪರೀಕ್ಷಿಸುವ ತಟ್ಟೆ, ಮೇಲೆ ಸೊಪ್ಪಿನ ಪೆಟ್ಟಿಗೆ, ಮಗ್ಗುಲಲ್ಲಿ ಕಾಳಿನ ಲಾರಿಗಳನ್ನು ತೂಗುತ್ತಿದ್ದ ಹಳೆಯ ಯಂತ್ರದಿಂದ ಕಿತ್ತ ಮಿದುಳು, ಬಾಗಿಲಿಗೆ ಆ ಲಾರಿಗಳನ್ನು ತಡೆಯುತ್ತಿದ್ದ ಗೇಟಿನ ಅಗುಳಿ. ಮೂತ್ರ ಸರಿಯಿದ್ದರೆ ಯಂತ್ರ ತಾನೇ ಸೊಪ್ಪು ಉದುರಿಸುತ್ತದೆ, ಸೊಪ್ಪು ಮುಗಿದರೆ ತಾನೇ ಸೊಪ್ಪಿನ ಹನುಮಕ್ಕನಿಗೆ ಫೋನ್ ಮಾಡುತ್ತದೆ, ತೊಂದರೆ ಕಂಡರೆ ಬಾಗಿಲು ತೆರೆದು ವೈದ್ಯರಲ್ಲಿಗೆ ಕಳುಹಿಸುತ್ತದೆ ಎಂದು ವಿವರಿಸಿದ.

“ಬಾಳ ಸಲೀಸು ಐತಕ್ಕ. ತಟ್ಟೆ ಒಣಗಿದ್ರೆ ಮಾತ್ರ ಬಾಯಲ್ಲಿ ಹೇಳ್ಬೇಕು. ‘ಉಚ್ಚೆ’ ಅಂದ್ರೆ ಸಾಕು, ಎಲ್ಲಾ ತಿಳ್ಕಂತೈತೆ.”

ವಿಶಾಲಾಕ್ಷಮ್ಮನವರು ಕಿವಿ ಮುಚ್ಚಿಕೊಂಡರು.

“ಆ ಪದ ಈ ಮನೆಯೊಳಗೆ ಬೇಡ. ನನ್ನ ಶಾಲೇಲಿ ಮಕ್ಕಳು ಕಿರುಬೆರಳೆತ್ತಿ ‘ಒಂದಕ್ಕೆ’ ಅಂತಿದ್ರು. ನಿನ್ನ ಯಂತ್ರಾನೂ ಹಂಗೇ ಕಲೀಲಿ.”

ಅಷ್ಟಕ್ಕೇ ಅವರು ಬಿಡಲಿಲ್ಲ. ತಮ್ಮನ ಮಾತು ಸಂತೆಯ ಮಾತಾದ್ದರಿಂದ ಯಂತ್ರ ತಮ್ಮ ದನಿಯೊಂದನ್ನೇ ಪಾಲಿಸಬೇಕೆಂದು ವಿಧಿಸಿದರು. ಅಕ್ಕನೊಂದಿಗೆ ವಾದಿಸಿ ಬಾಲ್ಯದಿಂದಲೂ ಸೋತಿದ್ದ ಪಂಚಾಕ್ಷರಿ ಹಳೆಯ ಪದವನ್ನು ಅಳಿಸದೆ, ಅದರ ಮೇಲೆ ಹೊಸದನ್ನು ಹೇರಿ, ಕಾಫಿ ಕುಡಿದು ಹೋದ.

ಮರುದಿನ ಬೆಳಿಗ್ಗೆ ನೋಡಿದರೆ ತಟ್ಟೆ ಒಣಗಿತ್ತು. ಮಂಡಕ್ಕಿ ಮೂಲೆಯಲ್ಲಿ ಕುಕ್ಕರಿಸಿ ತಿಣುಕುತ್ತಿತ್ತು. ಒಂದು ಹನಿಯೂ ಬರುತ್ತಿರಲಿಲ್ಲ. ವಿಶಾಲಾಕ್ಷಮ್ಮನವರು ಯಂತ್ರದೆದುರು ನೆಟ್ಟಗೆ ನಿಂತು, ಸ್ಪಷ್ಟವಾದ ಉಚ್ಚಾರಣೆಯಲ್ಲಿ, ಮಂಡಕ್ಕಿ ಒಂದಕ್ಕೆ ಹೋಗಿಲ್ಲವೆಂದು ವರದಿ ಒಪ್ಪಿಸಿದರು.

ಪಂಚಾಕ್ಷರಿ ಏನೇ ಹೇರಿದ್ದರೂ, ಇಪ್ಪತ್ತು ವರ್ಷ ಲಾರಿ ತೂಗಿದ ಮಿದುಳಿಗೆ ಆ ಮಾತಿನ ಒಂದೇ ಅರ್ಥ ಗೊತ್ತಿತ್ತು: ತಕ್ಕಡಿಯ ಮುಳ್ಳು ಇನ್ನೂ ಒಂದರ ಗೆರೆಗೆ ಹೋಗಿಲ್ಲ. ಮಾರುಕಟ್ಟೆಯಲ್ಲಿ ಒಂದು ಎಂದರೆ ಒಂದು ಕ್ವಿಂಟಲ್.

“ಮುಳ್ಳು ಒಂದಕ್ಕೆ ಹೋಗಿಲ್ಲ. ಮಾಲು ಹಾಕಿ,” ಎಂದು ಯಂತ್ರ ಹಮಾಲರ ಮೇಸ್ತ್ರಿಯಂತೆ ಗದರಿತು. ಅಗುಳಿ ಬಿತ್ತು. ಪೆಟ್ಟಿಗೆ ಬಾಯ್ದೆರೆದು, ಇದ್ದ ನುಗ್ಗೆಸೊಪ್ಪೆಲ್ಲ ಮಂಡಕ್ಕಿಯ ಕಿವಿಯವರೆಗೆ ಸುರಿಯಿತು. ಮೊಲ ಅದರಲ್ಲಿ ಒಂದೆಲೆಯನ್ನೂ ಮೂಸಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅದು ವಿಶಾಲಾಕ್ಷಮ್ಮನವರನ್ನು ಹೆದರಿಸಿತು.

ಅವರು ಪಶುವೈದ್ಯೆ ಸಮೀನಾ ಅವರಿಗೆ ಫೋನ್ ಮಾಡಿದರು. ತಿಣುಕಿದರೂ ಮೂತ್ರ ಬರದ ಮೊಲದ ಪ್ರಾಣ ಗಂಟೆಗಳ ಲೆಕ್ಕದಲ್ಲಿರುತ್ತದೆ, ಈಗಲೇ ಕರೆತನ್ನಿ ಎಂಬ ಉತ್ತರ ಬಂತು. ಕರೆದೊಯ್ಯಲು ಬಾಗಿಲು ತೆರೆಯಬೇಕಲ್ಲ? ಅಕ್ಕ ಕರೆದದ್ದೇ ಪಂಚಾಕ್ಷರಿ ಓಡೋಡಿ ಬಂದು ತಂತಿ ಕಿತ್ತ. ವಿದ್ಯುತ್ತು ಹೋದರೂ ನಿಲ್ಲಬಾರದೆಂದು ತಾನೇ ಒಳಗೆ ಬ್ಯಾಟರಿ ಹುದುಗಿಸಿದ್ದ. ಸ್ಪ್ಯಾನರ್ ಹಾಕಿದ, ತೂಕ ಮುಗಿಯದೆ ಯಾವ ಲಾರಿಯೂ ತಪ್ಪಿಸಿಕೊಳ್ಳಬಾರದೆಂದು ಮಾಡಿದ ಅಗುಳಿ ಅಲುಗಲಿಲ್ಲ. ಅದರ ಗಟ್ಟಿತನದ ಬಗ್ಗೆ ಅವನ ಮುಖದಲ್ಲಿ ಆ ಹೊತ್ತಿನಲ್ಲೂ ಒಂದು ಹೆಮ್ಮೆ ಸುಳಿದದ್ದನ್ನು ಅಕ್ಕ ಕಂಡರು, ಕ್ಷಮಿಸಲಿಲ್ಲ.

ಇಷ್ಟರಲ್ಲಿ ಯಂತ್ರದ ಕರೆಗೆ ಓಗೊಟ್ಟು ಹನುಮಕ್ಕ ಗೂಡ್ಸ್ ಆಟೋದಲ್ಲಿ ಸೊಪ್ಪಿನ ಹೊರೆಗಳನ್ನು ತಂದಿಳಿಸಿದಳು.

“ಅಮ್ಮಾರೆ, ಇದು ಮೊಲಕ್ಕೋ, ಮದುವೀಗೋ?”

ವಿಶಾಲಾಕ್ಷಮ್ಮನವರ ತಾಳ್ಮೆ ತೀರಿತು. “ಒಂದಕ್ಕೇನು, ಅದು ಎರಡಕ್ಕೂ ಹೋಗಿಲ್ಲ ಕಣೇ,” ಎಂದುಬಿಟ್ಟರು.

“ಮುಳ್ಳು ಎರಡಕ್ಕೂ ಹೋಗಿಲ್ಲ,” ಎಂದು ಯಂತ್ರ ತಿದ್ದಿಕೊಂಡಿತು. ಹನುಮಕ್ಕನ ಫೋನ್ ಮತ್ತೆ ಬಡಿದುಕೊಂಡಿತು.

ಪಂಚಾಕ್ಷರಿ ಕೈಮುಗಿದ. “ನೀನು ಸುಮ್ಕಿರಕ್ಕ. ಮೊದ್ಲು ಕಲಿಸಿದ ಪದ ಇನ್ನೂ ಒಳಗೇ ಐತೆ. ಅದನ್ನ ನೀನೇ ಅನ್ಬೇಕು, ನಿನ್ನ ದನಿ ಬಿಟ್ರೆ ಅದು ಯಾರ ಮಾತೂ ಕೇಳಲ್ಲ.”

ಗೇಟಿನ ಬಳಿ ಜನ ಸೇರಿತ್ತು. ಅವರಲ್ಲಿ ಮೂವರು ಅವರದೇ ಹಳೆಯ ವಿದ್ಯಾರ್ಥಿಗಳು; ಒಬ್ಬ ಬ್ಯಾಂಕಿನ ಮ್ಯಾನೇಜರ್. ಆ ಪದವನ್ನಾಡಿದ್ದಕ್ಕಾಗಿ ಒಮ್ಮೆ ಇಡೀ ಪೀರಿಯಡ್ ಬೆಂಚಿನ ಮೇಲೆ ನಿಂತವನು ಅವನೇ. ವಿಶಾಲಾಕ್ಷಮ್ಮನವರು ಮೊಲದ ಕಡೆ ನೋಡಿದರು. ಸೊಪ್ಪಿನ ನಡುವೆ ಅದರ ಕಣ್ಣು ಅರ್ಧ ಮುಚ್ಚಿತ್ತು. ಅವರು ತುಟಿಯೊಳಗೇ ಪದವನ್ನು ಉಸುರಿದರು.

“ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಿ,” ಎಂದಿತು ಯಂತ್ರ.

ಆಗ ಅವರು ಬೆಳಗಿನ ಪ್ರಾರ್ಥನೆಗೆ ಆರುನೂರು ಮಕ್ಕಳನ್ನು ಸಾಲು ಮಾಡುತ್ತಿದ್ದ ದನಿಯನ್ನು ತೆಗೆದರು.

“ಉಚ್ಚೆ! ನನ್ನ ಮಂಡಕ್ಕಿ ಉಚ್ಚೆ ಮಾಡಿಲ್ಲ!”

ತಂತಿಯ ಮೇಲಿನ ಪಾರಿವಾಳಗಳು ಹಾರಿಹೋದವು. ಬ್ಯಾಂಕಿನ ಮ್ಯಾನೇಜರ್ ತನಗರಿವಿಲ್ಲದೆ ಕೈಕಟ್ಟಿ ನಿಂತ. “ಉಚ್ಚೆ ಸೊನ್ನೆ. ವೈದ್ಯರಲ್ಲಿಗೆ ಹೋಗಿ,” ಎಂದು ಯಂತ್ರ ಅಗುಳಿ ಸರಿಸಿತು.

ಆಸ್ಪತ್ರೆಯಲ್ಲಿ ಸಮೀನಾ ಕೇಳಿದ ಮೊದಲ ಪ್ರಶ್ನೆ, ಉಚ್ಚೆ ನಿಂತು ಎಷ್ಟು ಹೊತ್ತಾಯಿತು ಎಂದು. ವಿಶಾಲಾಕ್ಷಮ್ಮನವರು ಕಿವಿ ಮುಚ್ಚಿಕೊಳ್ಳದೆ ಉತ್ತರಿಸಿದರು. ನೋವಿಗೆ ಔಷಧ ಕೊಟ್ಟು, ಚರ್ಮದಡಿ ದ್ರವ ಏರಿಸಿ, ಮೂತ್ರಕೋಶವನ್ನು ತೊಳೆದಾಗ ಹೊರಬಂದದ್ದು ಹಲ್ಲುಪೇಸ್ಟಿನಂಥ ಬಿಳಿಯ ಗಸಿ. ಬಹುತೇಕ ಪ್ರಾಣಿಗಳ ಕರುಳು ತನಗೆ ಬೇಕಾದಷ್ಟೇ ಸುಣ್ಣದ ಅಂಶವನ್ನು ಹೀರಿಕೊಳ್ಳುತ್ತದೆ. ಮೊಲದ ಕರುಳು ಮಾತ್ರ ಸಿಕ್ಕಿದ್ದನ್ನೆಲ್ಲ ಹೀರಿ, ಹೆಚ್ಚಾದುದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದರ ಮೂತ್ರ ತುಸು ಮಬ್ಬಾಗಿರುವುದು ಸಹಜ. ಆದರೆ ಸುಣ್ಣ ಮಿತಿಮೀರಿ, ನೀರು ಕಡಿಮೆಯಾದರೆ ಒಳಗೇ ಗಸಿ ಕಟ್ಟುತ್ತದೆ, ಕಲ್ಲಾಗುತ್ತದೆ.

“ಮೂಳೆ ಗಟ್ಟಿ ಮಾಡೋಕೆ ಹೋಗಿ ಮೂತ್ರಕೋಶಕ್ಕೆ ಗಾರೆ ಹಾಕಿದ್ದೀರಿ, ಮೇಡಂ,” ಎಂದರು ಸಮೀನಾ.

ಸದಾ ಒಣಹುಲ್ಲು, ಬಟ್ಟಲು ತುಂಬ ನೀರು, ಬಗೆಬಗೆಯ ಸೊಪ್ಪು ಹಿತಮಿತವಾಗಿ, ಕ್ಯಾರೆಟ್ ಅಪರೂಪಕ್ಕೆ. ಮುಖ್ಯೋಪಾಧ್ಯಾಯಿನಿ ಇದನ್ನು ಉಕ್ತಲೇಖನದಂತೆ ಬರೆದುಕೊಂಡರು. ಮೂರನೆಯ ದಿನ ಮಂಡಕ್ಕಿ ಅವರ ಮಡಿಲಲ್ಲಿ, ಇಳಕಲ್ ಸೀರೆಯ ಮೇಲೆ, ಧಾರಾಳವಾಗಿ ತನ್ನ ಕೆಲಸ ಮುಗಿಸಿತು. ಸೀರೆ ಬದಲಿಸಲು ಅವರು ಆತುರಪಡಲಿಲ್ಲ.

ಯಂತ್ರದ ಪಾಲಿಗೆ ಮಾತ್ರ ತೂಕ ಇನ್ನೂ ಮುಗಿದಿಲ್ಲ. ರಸೀದಿ ಪಡೆಯದೆ ಲಾರಿಯೊಂದು ಗೇಟು ದಾಟಿದೆ ಎಂದು ಅದು ದೃಢವಾಗಿ ನಂಬಿದೆ; ಆ ಲಾರಿ ಹಿಂದಿರುಗುವವರೆಗೆ ವಿಶಾಲಾಕ್ಷಮ್ಮನವರ ದನಿಗೂ ಕಿವಿಗೊಡದೆ ದಿನಾ ಎರಡು ಕ್ವಿಂಟಲ್ ನುಗ್ಗೆಸೊಪ್ಪು ತರಿಸುತ್ತಿದೆ. ಕರೆದ ಯಂತ್ರವೇ ಬೇಡವೆನ್ನಲಿ ಎಂದು ಹನುಮಕ್ಕ ಹಟ ಹಿಡಿದಿದ್ದಾಳೆ. ಬ್ಯಾಟರಿ ಇನ್ನೂ ಹನ್ನೊಂದು ವರ್ಷ ಬಾಳುತ್ತದೆಂದು ಪಂಚಾಕ್ಷರಿ ಭರವಸೆ ಕೊಟ್ಟಿದ್ದಾನೆ.

ಆದ್ದರಿಂದ ಓದುಗರೇ, ದಯವಿಟ್ಟು ಚೀಲ ಹಿಡಿದು ಬನ್ನಿ. ನುಗ್ಗೆಸೊಪ್ಪಿನ ಪಲ್ಯ ಮನುಷ್ಯರಿಗೆ ಒಳ್ಳೆಯದು, ಎಷ್ಟು ಬೇಕಾದರೂ ತುಂಬಿಕೊಳ್ಳಿ. ಮನೆಯಲ್ಲಿ ಮೊಲವಿದ್ದವರು ಮಾತ್ರ ಸೊಪ್ಪಿನ ರಾಶಿಯನ್ನು ಸುತ್ತಿಕೊಂಡು ಹಿತ್ತಲಿಗೆ ಹೋಗಿ. ಅಲ್ಲಿ ಒಣಹುಲ್ಲು ಇರಿಸಿದ್ದಾರೆ, ಒಂದು ಹೊರೆ ಹೊತ್ತೊಯ್ಯಿರಿ.