ಮೋಟಾರಿಗೆ ಮುಹೂರ್ತ

ಮದುವೆಗೆ ಮುಹೂರ್ತ ನೋಡುವವರುಂಟು, ಗೃಹಪ್ರವೇಶಕ್ಕೆ ನೋಡುವವರುಂಟು. ದೋಣಿಗೊಂದು ಹಳೇ ಮೋಟಾರು ಕೊಳ್ಳೋಕೆ ವರ್ಷಗಟ್ಟಲೆ ಮುಹೂರ್ತ ನೋಡುವ ಮಹಾನುಭಾವ ಲೋಕಕ್ಕೆ ಒಬ್ಬನೇ. ಅವನೇ ಬೇಕಿತ್ತೇ ಇರ್ಮೆಲಿಗೆ ಗಂಡನಾಗಿ? ಹೆಸರು ಓಸ್ಮೊ.

ಸರೋವರದ ದಡದಲ್ಲಿ ಅವರದೊಂದು ಸೌನಾ. ಶನಿವಾರ ಸಂಜೆ ಕಾದ ಕಲ್ಲಿಗೆ ನೀರೆರಚಿ, ಹಬೆಯಲ್ಲಿ ಕೂತು ಬೆವರದಿದ್ದರೆ ಫಿನ್‌ಲೆಂಡಿನಲ್ಲಿ ವಾರವೇ ಮುಗಿಯುವುದಿಲ್ಲ. ಆದರೆ ಓಸ್ಮೊ ಅಜ್ಜನ ಕಾಲದ ದೋಣಿಯ ಜೀರ್ಣೋದ್ಧಾರಕ್ಕೆ ಇಳಿದಾಗಿನಿಂದ ಅದರೊಳಗೆ ಕೂರುವ ಜಗಲಿಯ ಮೇಲೆ ಮಲಗಿದ್ದು ಹಲಗೆಗಳು. ಹಬೆ ಕೊಟ್ಟರೆ ಬಾಗುತ್ತವಂತೆ. ಹಲಗೆಗೆ ಅಭ್ಯಂಜನ, ಹೆಂಡತಿಗೆ ನೆರೆಮನೆ. ಬಗಲಲ್ಲಿ ಟವೆಲ್ಲು ಅವುಚಿಕೊಂಡು ಇರ್ಮೆಲಿ ವಾರವಾರವೂ ಗೆಳತಿ ರೌಹಾಳ ಸೌನಾಕ್ಕೆ ಹೋಗಬೇಕು. (ಮೈಯೆಲ್ಲ ಉರಿಯೋಕೆ ಅವಳಿಗೆ ಹಬೆಯೇ ಬೇಕಿರಲಿಲ್ಲ.)

ದೋಣಿಯೇನೋ ತಯಾರಾಯಿತು. ಆದರೆ ಮೋಟಾರು ಕೂರಿಸಿ ತೇಲಿಬಿಡುವ ತನಕ ಸೌನಾ ಖಾಲಿ ಮಾಡುವುದಿಲ್ಲ ಎಂದು ಓಸ್ಮೊನ ಪ್ರತಿಜ್ಞೆ.

"ವಸಂತದಲ್ಲಿ ತಗೋಬಾರದಾ?"

"ಆಗ ಎಲ್ರಿಗೂ ಬೇಕು. ರೇಟು ತಲೆಗೇರಿರುತ್ತೆ."

"ಬೇಸಿಗೇಲಿ?"

"ಓಡೋ ಮೋಟಾರನ್ನ ಬೇಸಿಗೇಲಿ ಯಾರು ಮಾರ್ತಾರೆ? ಮಾರೋದೆಲ್ಲ ಕೆಟ್ಟಿದ್ದೇ."

"ಚಳಿಗಾಲದಲ್ಲಿ?"

"ಸರೋವರ ಹೆಪ್ಪುಗಟ್ಟಿ ಕಲ್ಲಾಗಿರುತ್ತಲ್ಲ, ಎಲ್ಲಿ ಓಡಿಸಿ ನೋಡ್ಲಿ?"

"ಶರತ್ಕಾಲದಲ್ಲಿ ಅಗ್ಗಕ್ಕೆ ಸಿಗುತ್ತಲ್ಲ ಮಾರಾಯ."

"ಸಿಗುತ್ತೆ. ಯಾಕಷ್ಟು ಅಗ್ಗ ಅಂತ ಯೋಚನೆ ಮಾಡ್ಬೇಕಾದ್ದೇ ಅಲ್ಲಿ."

ಐದನೇ ಋತು ಹುಟ್ಟುವವರೆಗೆ ಕಾಯಲು ಇರ್ಮೆಲಿ ಏನು ಋಷಿಪತ್ನಿಯೇ? ಆ ಶರತ್ಕಾಲದಲ್ಲಿ ಎಲ್ಲರೂ ದೋಣಿ ದಡಕ್ಕೆಳೆಯುತ್ತಿದ್ದಾಗ ರೌಹಾಳ ಅಣ್ಣನ ಮೋಟಾರನ್ನು ಚೌಕಾಸಿ ಮಾಡಿ ಕೊಂಡೇಬಿಟ್ಟಳು. ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಗಂಡನ ಮುಂದೆ ನಿಲ್ಲಿಸಿದಳು.

ಓಸ್ಮೊ ಅದಕ್ಕೊಂದು ಪ್ರದಕ್ಷಿಣೆ ಹಾಕಿದ. ನೀರಿನ ಪೀಪಾಯಿಗೆ ಸಿಕ್ಕಿಸಿ ಹಗ್ಗ ಎಳೆದ. ಮೊದಲನೇ ಎಳೆತಕ್ಕೇ ಗುರ್ರೆಂದಿತು. ಹೆಂಡತಿಗೆ ಅವಳಿ ಮಕ್ಕಳಾದಾಗಲೂ ಒದ್ದೆಯಾಗದ ಕಣ್ಣು ಒದ್ದೆಯಾಯಿತು.

"ಚಿನ್ನದಂಥ ಮೋಟಾರು ಕಣೇ."

"ಹಾಗಾದ್ರೆ ಮೊದಲು ಆ ಹಲಗೆ ಎತ್ತು."

ಅವನು ಟೇಪು ಹಿಡಿದು ಮೋಟಾರು ಅಳೆದ, ದೋಣಿ ಅಳೆದ. ತಲೆ ಕೆರೆದುಕೊಂಡ.

"ನೀರಿಗಿಳಿಯೋ ಕಾಲು ಉದ್ದವಾಯ್ತು. ನಮ್ಮ ದೋಣಿ ಹಿಂಭಾಗ ತಗ್ಗು, ತುದೀಲಿ ತಿರುಗೋ ರೆಕ್ಕೆ ತೀರಾ ಆಳಕ್ಕೆ ಹೋಗುತ್ತೆ."

"ಕಾಲು ಕತ್ತರಿಸು."

"ಮೋಟಾರಿಂದಾ?"

"ಯಾರದ್ದಾದ್ರೂ ಸರಿ. ಇಲ್ದಿದ್ರೆ ವಾಪಸ್ ಕೊಟ್ಟು ಬರ್ತೀನಿ."

"ಇಂಥಾದ್ದನ್ನ ವಾಪಸ್ ಕೊಡ್ತಾರೇನೇ? ದೋಣೀನೇ ಎತ್ತರ ಮಾಡೋಣ. ಸುತ್ತ ಇನ್ನೆರಡು ಸಾಲು ಹಲಗೆ ಬಾಗಿಸಿದ್ರೆ ಮುಗೀತು. ಎಂಥಾ ಮುಹೂರ್ತದಲ್ಲಿ ತಂದೆ ನೀನು! ಇಡೀ ಚಳಿಗಾಲ ಮುಂದಿದೆ."

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಶನಿವಾರ ಇರ್ಮೆಲಿ ಟವೆಲ್ಲು ತರಲು ಸೌನಾದ ಹೊರಕೋಣೆಗೆ ಹೋದರೆ, ಅವಳ ಸ್ಟೂಲಿಗೆ ಒರಗಿ ಮೋಟಾರು ನಿಂತಿತ್ತು. ಥಂಡಿ ತಾಗಬಾರದೆಂದು ಅದರ ಕತ್ತಿಗೆ ಅವಳದೇ ಟವೆಲ್ಲು. ಒಳಗೆ ಹಲಗೆಗಳಿಗೆ ಹಬೆ ಹಾಯಾಗಿ ನಡೆದಿತ್ತು.

ಅಡುಗೆಮನೆಯ ಕೈವಸ್ತ್ರ ಹಿಡಿದು ಬಂದವಳಿಗೆ ರೌಹಾ ಬಾಗಿಲು ತೆರೆದಳು.

"ಏನೇ, ಮೋಟಾರು ಹೇಗಿದೆ?"

"ಬೆಚ್ಚಗಿದೆ," ಅಂದಳು ಇರ್ಮೆಲಿ.