ಎರಡು ಬಿದಿರು, ಒಂದು ಮಡಕೆ

ಸೈಕಲ್ ತುಳಿಯುವವನಿಗೆ ಈಗಿನ ಕಾಲದಲ್ಲಿ ಮರ್ಯಾದೆ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ನನಗೆ ಸಿಕ್ಕಿದಷ್ಟು ಮರ್ಯಾದೆ ನಮ್ಮ ರಸ್ತೆಯಲ್ಲಿ ಯಾವ ಮಂತ್ರಿಗೂ ಸಿಕ್ಕಿರಲಾರದು!

ನಾನು ಹುಣಸೂರಿನ ಒಂದು ಬೀಜ, ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಗುರುಪುರದ ಹತ್ತಿರದ ನಮ್ಮ ಊರಿನಿಂದ ದಿನಾ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ಊರಿನವರೆಲ್ಲ ಬೈಕಿನಲ್ಲಿ ಬುರ್ರೆಂದು ಮುಂದೆ ಹೋದರೆ "ಆರೋಗ್ಯ ಕಣ್ರಪ್ಪಾ, ಆರೋಗ್ಯ!" ಎಂದು ಅವರ ಬೆನ್ನಿಗೆ ಉಪದೇಶ ಮಾಡುತ್ತೇನೆ. ಈವರೆಗೆ ಒಬ್ಬನೂ ತಿರುಗಿ ನೋಡಿಲ್ಲ.

ಆ ಶನಿವಾರ ಅಂಗಡಿ ಅರ್ಧ ದಿನ. ಬೆಳಗ್ಗೆ ಹೊರಡುವಾಗ ಹೆಂಡತಿ ಸುಮ ಬಾಗಿಲಲ್ಲಿ ನಿಂತು ಪಟ್ಟಿ ಒಪ್ಪಿಸಿದಳು.

"ಹೀರೇಕಾಯಿ ಚಪ್ಪರ ಬಿದ್ದೋಗದೆ, ಎರಡು ಬಿದಿರು ಗಳ ತನ್ನಿ, ಕಟ್ಟಕ್ಕೆ ಹುರಿ ತನ್ನಿ. ಫ್ರಿಜ್ಜಿನ ನೀರು ಕುಡುದ್ರೆ ಅತ್ತೆಗೆ ಕೆಮ್ಮು, ಒಂದು ಹೊಸಾ ಮಡಕೆ. ದಿಂಬಿಗೆ ಬಿಳೀ ಬಟ್ಟೆ. ಊದುಬತ್ತಿನೂ ಮುಗಿದದೆ. ಆಟೋದಲ್ಲಿ ಹಾಕ್ಕೊಂಡ್ ಬನ್ನಿ."

"ಸೈಕಲ್ ಇರೋವಾಗ ಆಟೋ ಯಾತಕ್ಕೆ?" ಎಂದೆ. ನನ್ನ ಬಾಳಿನ ಎಲ್ಲ ಅನಾಹುತಗಳೂ ಇಂಥದೊಂದು ಪ್ರಶ್ನೆಯಿಂದಲೇ ಶುರುವಾಗಿವೆ.

ಅವ್ವ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಅವಳಿಗೆ ಬೇಕಾಗಿದ್ದದ್ದು ಮಡಕೆಯ ನೀರಲ್ಲ, ನನ್ನ ಅಕ್ಕ ಜಯಮ್ಮ. "ಜಯಿನ ಒಂದ್ಸಲ ಕರ್ಕಂಡ್ ಬಾರ್ಲಾ, ಮಕ ನೋಡ್ಬೇಕು" ಎಂದು ದಿನಾ ಕೇಳುತ್ತಿದ್ದಳು. ಮೂರು ವರ್ಷದ ಹಿಂದೆ ನಮ್ಮ ಹೊಸ ಮನೆಯ ಒಕ್ಕಲಿಗೆ ನಾನು ಅಕ್ಕನಿಗೆ ಮೊಬೈಲಿನಲ್ಲೇ ಕಾರ್ಡು ಕಳಿಸಿ ಸುಮ್ಮನಾಗಿದ್ದೆ. "ಒಡಹುಟ್ಟಿದೋಳ್ನ ಮನೆಗ್ ಬಂದು, ಕುಂಕುಮ ಕೊಟ್ಟು ಕರಿಯಕ್ಕಾಗ್ನಿಲ್ವಾ?" ಎಂದವಳು ಆಮೇಲೆ ನಮ್ಮ ಹೊಸಲು ತುಳಿಯಲಿಲ್ಲ. ನಾನೂ ಬಿಗಿದುಕೊಂಡೆ. ಬೇಕಾದರೆ ಅವಳೇ ಬರಲಿ ಎಂದು ಅವ್ವನಿಗೆ ಹೇಳಿದೆ. ಅವ್ವ ಗೋಡೆಯ ಕಡೆ ಮಗ್ಗುಲಾದಳು.

ಇರಲಿ, ಸಾಮಾನಿಗೆ ಬರೋಣ. ಹಸಿ ಬಿದಿರನ್ನು ಸೈಕಲ್ಲಿನ ಉದ್ದಕ್ಕೂ ಬಿಗಿದೆ. ಮಡಕೆಯನ್ನು ಕ್ಯಾರಿಯರಿಗೆ ಕಟ್ಟಿ, ಬಿಳಿ ಬಟ್ಟೆಯನ್ನು ಅದರ ಮೇಲೆ ಮಡಿಸಿಟ್ಟೆ. ಊದುಬತ್ತಿ ಹ್ಯಾಂಡಲ್ಲಿನ ಚೀಲದಿಂದ ಇಣುಕುತ್ತಿತ್ತು. ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡು, ಆಟೋದವರನ್ನು ಕನಿಕರದಿಂದ ನೋಡಿ ಹೊರಟೆ.

ಕಾಲುಭಾಗ ದಾರಿಯೂ ಸವೆದಿರಲಿಲ್ಲ, ಚೈನು ಕಳಚಿತು. ಹಾಕಿದೆ. ಮತ್ತೆ ಕಳಚಿತು. ಸಿಟ್ಟಿನಿಂದ ಪೆಡಲಿಗೆ ಒದ್ದೆ, ಚಪ್ಪಲಿಯ ಉಂಗುಟ ಕಿತ್ತುಹೋಯಿತು! ಬರಿಗಾಲಿನಲ್ಲಿ ಸೈಕಲ್ ತಳ್ಳಿಕೊಂಡು ಏರಿ ಹತ್ತುವಾಗ ಲಾರಿಯೊಂದು ಧೂಳೆಬ್ಬಿಸಿತು. ಎರಡು ಕಣ್ಣಲ್ಲೂ ದಳದಳ ನೀರು.

ಆಗ ಶುರುವಾಯಿತು ನೋಡಿ ಮರ್ಯಾದೆ! ಬೀಡಿ ಸೇದುತ್ತಿದ್ದವರು ಬೀಡಿ ಬಿಸಾಕಿ ಎದ್ದು ನಿಂತರು. ಬೈಕಿನವರು ಪಕ್ಕಕ್ಕೆ ಸರಿದು ಎಂಜಿನ್ ಆರಿಸಿದರು. ದಿನಾ ಹಾರನ್ ಹೊಡೆದು ನನ್ನನ್ನು ಚರಂಡಿಗಿಳಿಸುವ ಬಸ್ಸು ಮೆತ್ತಗೆ ಹಿಂದೆ ಬಂದು, ಮೆತ್ತಗೆ ಮುಂದೆ ಹೋಯಿತು. "ಪೆಟ್ರೋಲ್ ಖಾಲಿಯಾಯ್ತಾ?" ಎಂದು ದಿನವೂ ಹಂಗಿಸುವ ಟೀ ಅಂಗಡಿ ಪುಟ್ಟಸ್ವಾಮಿ ಎದ್ದು ಬಂದು ಕೈ ಮುಗಿದ. ಕೊನೆಗೂ ಜನರಿಗೆ ಸೈಕಲ್ಲಿನ ಬೆಲೆ ಗೊತ್ತಾಯಿತಲ್ಲ ಎಂದು ನಾನು ಗಂಭೀರವಾಗಿ ತಲೆಯಾಡಿಸಿದೆ.

ಎರಡು ಗಂಟೆ ತಳ್ಳಿ ಮನೆ ಮುಟ್ಟಿದರೆ ಬೀದಿ ತುಂಬ ಜನ! ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ. ಯಾರೋ ಸೌದೆ ಸೀಳುತ್ತಿದ್ದರು. "ಅವ್ವಾ!" ಎಂದು ಒಳಗೆ ಓಡಿದೆ.

ಅವ್ವ ಮಂಚದ ಮೇಲೆ ಎದ್ದು ಕೂತಿದ್ದಳು. ಸುತ್ತ ಅಳುತ್ತಿದ್ದ ಹೆಂಗಸರನ್ನು ಗದರಿಸುತ್ತಿದ್ದಳು. "ಯಾರಮ್ಮೀ ಸತ್ತಿರಾದು? ನಂಗೂವೆ ಯೋಳ್ರಮ್ಮೀ!"

"ಏನ್ರೀ, ಅತ್ತೇನ ಬದುಕಿದ್ದಂಗೇ ಸಾಗಿಸ್ಬುಟ್ರಲ್ಲ!" ಎಂದು ಸುಮ ನನ್ನ ಕೈ ಹಿಡಿದು ಹೊರಕ್ಕೆಳೆದಳು. "ನೋಡ್ಕಳಿ ನಿಮ್ಮ ಸೈಕಲ್ನ!"

ನೋಡಿದೆ. ಚಟ್ಟಕ್ಕೆ ಎರಡು ಹಸಿ ಬಿದಿರು. ಹುರಿ. ಹೊಸ ಮಡಕೆ. ಬಿಳಿ ಬಟ್ಟೆ. ಊದುಬತ್ತಿ. ತಲೆಯ ಮೇಲೆ ಟವೆಲ್, ಬರಿಗಾಲು, ಕಣ್ಣೀರು. ಬೆಂಕಿಯೊಂದು ಬಾಕಿ! ನಮ್ಮ ಕಡೆ ಅಂಥ ಸಾಮಾನು ಹೊತ್ತವನನ್ನು ಯಾರೂ ದಾರಿಯಲ್ಲಿ ತಡೆದು ಮಾತಾಡಿಸುವುದಿಲ್ಲ. ದಾರಿ ಬಿಟ್ಟು, ಸುದ್ದಿ ಮುಟ್ಟಿಸುತ್ತಾರೆ. ಪುಟ್ಟಸ್ವಾಮಿ ಒಬ್ಬನೇ ಹದಿನೈದು ಫೋನು ಮಾಡಿದ್ದನಂತೆ.

"ಈಗ ಈ ಹಾರ ಏನ್ ಮಾಡದು?" ಎಂದರು ಹಾರ ತಂದಿದ್ದ ದೊಡ್ಡಪ್ಪ.

"ನಿಮಗೇ ಮಡೀಕಳಿ ಬಾವಾ, ನೀವೇನು ಚಿಕ್ಕೋರಾ?" ಎಂದಳು ಅವ್ವ.

ಅಷ್ಟರಲ್ಲಿ ಆಟೋ ಬಂದು ನಿಂತಿತು. ಅಕ್ಕ. ಕೂದಲು ಬಿಚ್ಚಿಹೋಗಿತ್ತು. "ಅವ್ವಾ, ನನ್ ಮಕಾನೂ ನೋಡ್ದೆ ಓಗ್ಬುಟ್ಯಾ!" ಎಂದು ಎದೆ ಬಡಿದುಕೊಳ್ಳುತ್ತಾ ಒಳಗೆ ಬಂದು ಮಂಚದ ಕಾಲಿಗೆ ಬಿದ್ದಳು.

ಅವ್ವ ಅವಳ ತಲೆ ಮುಟ್ಟಿದಳು. "ಇಲ್ಲೇ ಇವ್ನಿ ಬುಡವ್ವ. ಮೇಲಕ್ಕೇಳು."

ಅಕ್ಕ ತಲೆಯೆತ್ತಿ ನೋಡಿದಳು. ಆಮೇಲೆ ಇಬ್ಬರೂ ಅತ್ತದ್ದನ್ನು ಬರೆದು ನಗಿಸುವ ಶಕ್ತಿ ನನಗಿಲ್ಲ. ಬಂದವರು ಒಬ್ಬೊಬ್ಬರಾಗಿ ಎದ್ದುಹೋದರು. ಅಕ್ಕ ಅವ್ವನ ತಲೆ ಬಾಚಿ, ಗಂಜಿ ಕುಡಿಸಿದಳು. ಎರಡು ತಿಂಗಳಲ್ಲಿ ಅವ್ವ ಒಂದು ಲೋಟ ಪೂರ್ತಿ ಕುಡಿದದ್ದು ಅದೇ ಮೊದಲು. ನಾನು ಹಿತ್ತಲಲ್ಲಿ ಚಪ್ಪರ ಕಟ್ಟುವವನಂತೆ ನಟಿಸುತ್ತಿದ್ದೆ.

ಸಂಜೆ ಹಸು ಕರೆಯುವ ಹೊತ್ತಿಗೆ ಅಕ್ಕ ಹೊರಟಳು. ಬಾಗಿಲಲ್ಲಿ ನಿಂತು, ಮೂರು ವರ್ಷದ ಮೇಲೆ ನನ್ನೊಡನೆ ಮಾತಾಡಿದಳು.

"ಇನ್ಮ್ಯಾಕೆ ಯಾರು ಫೋನ್ ಮಾಡಿದ್ರೂ ನಾನು ನಂಬಾಕಿಲ್ಲ ಕಣ್ಲಾ. ನಿಜವಾಗ್ಲೂ ಅಂಗಾದ್ರೆ ನೀನೇ ಬಂದು ಯೋಳು."

"ಆಯ್ತಕ್ಕಾ, ನಾನೇ ಬತ್ತೀನಿ" ಎಂದೆ, ಬಹಳ ಧಾರಾಳವಾಗಿ.

ಒಳಗಿನಿಂದ ಅವ್ವನ ದನಿ ಬಂತು. "ಸತ್ತಾಗ ಓಯ್ತೀನಿ ಅಂತೀಯಲ್ಲ ಮಗ. ನಾನು ಬದುಕಿದ್ದು ಕರ್ಕಂಡ್ ಬಾ ಅಂದ್ರೆ ಓಗ್ನಿಲ್ವಲ್ಲಾ."

ನಾನು ಸೈಕಲ್ಲಿನ ಚೈನು ಹಾಕಲು ಕೂತೆ. ಅಕ್ಕನ ಊರಿರುವುದು ಹುಣಸೂರು ದಾಟಿ ಪಿರಿಯಾಪಟ್ಟಣದ ರಸ್ತೆಯಲ್ಲಿ. ನನ್ನ ಅಂಗಡಿಯಿಂದ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ಅದೂ ಇಳಿಜಾರು!