ಲಾಯ್ಡ್ ಪ್ರಿಬಿಲನ ಹೆಬ್ಬೆರಳು

"ನಾಳೆ ನಾನೂ ಬರ್ತೀನಿ" ಎಂದು ಆರ್ಡಿಸ್ ಹೇಳಿದ್ದೇ ಎಲ್ಲ ಫಜೀತಿಗೂ ಮೂಲ.

ಶುಕ್ರವಾರ ಬೆಳಗಿನ ಕಾಫಿಯ ಹೊತ್ತು. ನಾಳೆ ಎಂದರೆ ಮೇ ತಿಂಗಳ ಕೊನೆಯ ಶನಿವಾರ, ಲಾಂಗ್ ಎಲ್ಬೋ ಸರೋವರದಲ್ಲಿ ಮಸ್ಕಿ ಮೀನು ಹಿಡಿಯಲು ವರ್ಷದ ಬಾಗಿಲು ತೆರೆಯುವ ದಿನ. ಉತ್ತರ ವಿಸ್ಕಾನ್ಸಿನ್ನಿನ ಆ ಊರಿನಲ್ಲಿ ಮದುವೆಯಿರಲಿ, ಸತ್ತವರನ್ನು ಮಣ್ಣು ಮಾಡುವುದನ್ನೂ ಆ ಶನಿವಾರ ತಪ್ಪಿಸಿ ಇಟ್ಟುಕೊಳ್ಳುತ್ತಾರೆ. ಲಾಯ್ಡ್ ಪ್ರಿಬಿಲ್ ಚಳಿಗಾಲವಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು. ಕೈ ಸ್ಟೇರಿಂಗಿನ ಮೇಲಿದ್ದರೂ ಮನಸ್ಸು ಮಾತ್ರ ಹೆಪ್ಪುಗಟ್ಟಿದ ಸರೋವರದ ಕೆಳಗೇ ಈಜುತ್ತಿರುತ್ತಿತ್ತು. ಮೊಸಳೆ ಮೂತಿಯ ಆ ಮೀನು ಒಂದು ಸಿಗಬೇಕಾದರೆ ಹತ್ತು ಸಾವಿರ ಸಲ ಗಾಳ ಬೀಸಬೇಕು ಎನ್ನುತ್ತಾರೆ. ಲಾಯ್ಡ್ ಮದುವೆಯಾದಾಗಿನಿಂದ ಬೀಸುತ್ತಿದ್ದ. ಮದುವೆಯಾದಾಗಿನಿಂದ ಹೆಂಡತಿಯನ್ನೂ "ಒಂದ್ಸಲ ಬಾರೇ" ಎಂದು ಕರೆಯುತ್ತಿದ್ದ. ಮೀನಾದರೂ ಅಪರೂಪಕ್ಕೆ ಬಂದಿತ್ತು, ಹೆಂಡತಿ ಬಂದಿರಲಿಲ್ಲ.

"ನಿಜವಾಗ್ಲೂ?" ಎಂದ.

"ನಿಜವಾಗ್ಲೂ. ಆದ್ರೆ ನಿನ್ನ ಗಾಳದ ರಾಡು ನನಗೆ ಬೇಡ. ಮೇಲೆ ಕೂತಿರೋ ದಾರದ ರೀಲನ್ನ ಹೆಬ್ಬೆರಳಲ್ಲಿ ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಹಿತ್ತಲಲ್ಲಿ ಒಂದ್ಸಲ ಬೀಸಿ ನೋಡ್ದೆ, ದಾರವೆಲ್ಲ ಕಾಗೆ ಗೂಡಾಯ್ತು. ರೀಲು ಕೆಳಗೆ ನೇತಾಡುತ್ತಲ್ಲ, ಸ್ಪಿನ್ನಿಂಗ್ ರಾಡು, ಅಂಥದ್ದು ತಂದುಕೊಡು. ಮಸ್ಕಿ ಎಳೆದ್ರೂ ಮುರೀಬಾರದು, ಅಂಥ ಗಟ್ಟಿಯಾದ್ದು."

ಲಾಯ್ಡನಿಗೆ ಸಂತೋಷದಲ್ಲಿ ಬ್ರೆಡ್ಡು ಗಂಟಲಲ್ಲಿ ಸಿಕ್ಕಿಕೊಂಡಿತು. ಬ್ರೆಡ್ಡು ಇಳಿದದ್ದೇ ಪೊರಕೆ ಹಿಡಿದು ಹೇಗೆ ನಿಲ್ಲಬೇಕು, ಹೇಗೆ ಬೀಸಬೇಕು ಎಂದು ತೋರಿಸಿದ; ಪೊರಕೆ ಕೆಳಗಿಟ್ಟ ಮೇಲೆ ಭಯ ಶುರುವಾಯಿತು.

ಊರಿನ ಮಸ್ಕಿ ಕ್ಲಬ್ಬಿನ ಗಂಡಸರ ನಡುವೆ ಬಾಯಿಬಿಟ್ಟು ಹೇಳದ ಒಪ್ಪಂದವೊಂದಿತ್ತು: ಮೊದಲ ಶನಿವಾರ ಯಾರೂ ಹೆಂಡತಿಯನ್ನು ದೋಣಿ ಹತ್ತಿಸಬಾರದು. ಒಬ್ಬ ಹತ್ತಿಸಿದರೆ ಮಿಕ್ಕವರಿಗೆ ಮನೆಯಲ್ಲಿ ಹೇಳಲು ನೆಪ ಉಳಿಯುವುದಿಲ್ಲ. ಅದು ಸಾಲದೆಂಬಂತೆ ಈ ಸ್ಪಿನ್ನಿಂಗ್ ರಾಡು. ಮಸ್ಕಿಗೆ ಅದನ್ನು ಹಿಡಿದು ಹೊರಡುವವರನ್ನು ಕ್ಲಬ್ಬಿನಲ್ಲಿ ಎಲ್ಲರೂ ಗೇಲಿ ಮಾಡುತ್ತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಮಾಡುತ್ತಿದ್ದವನು ಲಾಯ್ಡನೇ. "ಅದು ಮಕ್ಕಳು ಕಪ್ಪೆ ಹಿಡಿಯೋಕೆ ಸರಿ" ಎಂದು ಹೋದ ವಾರವಷ್ಟೇ ಬಿಯರಿನ ಲೋಟ ಎತ್ತಿ ಸಾರಿದ್ದ.

ಆದರೂ ಹೊರಟ. ಹೆಂಡತಿ ಇಷ್ಟು ವರ್ಷಕ್ಕೊಮ್ಮೆ ಕೇಳಿದ್ದಾಳೆ.

ವೆರ್ನಾಳ ಗಾಳದ ಸಾಮಾನಿನ ಅಂಗಡಿಯ ಮುಂದೆ ಒಂದೂ ಗಾಡಿಯಿಲ್ಲದ ಸಮಯ ನೋಡಿ, ಕೋಳಿ ಕದಿಯಲು ಬಂದವನಂತೆ ಒಳಗೆ ನುಸುಳಿದ. ವೆರ್ನಾಗೆ ವಯಸ್ಸಾಗಿತ್ತು, ದನಿಗೆ ಆಗಿರಲಿಲ್ಲ. ಅದು ಹಳೇ ದೋಣಿಯ ಮೋಟಾರಿನಂತೆ; ತಗ್ಗಿಸುವ ಗುಂಡಿಯೇ ಇಲ್ಲ.

"ಸ್ಪಿನ್ನಿಂಗ್ ರಾಡಾ? ಮಸ್ಕಿಗಾ? ನಿನಗಾ?"

"ಸ್ವಲ್ಪ ಮೆಲ್ಲಗೆ, ವೆರ್ನಾ."

"ಮೆಲ್ಲಗೇ ಕೇಳ್ತಿದೀನಲ್ಲ." ಅವಳು ಗೋಡೆಯಿಂದ ಒಂದನ್ನು ಇಳಿಸಿದಳು. "ತಗೋ."

ಲಾಯ್ಡ್ ಅಲ್ಲಾಡಿಸಿ ನೋಡಿದ. ಅದು ಹೊಸ ಮದುವಣಗಿತ್ತಿಯಂತೆ ಬಳುಕಿತು.

"ಬೂಟಿನಷ್ಟು ದಪ್ಪ ಮರದ ಹುಸಿಮೀನು ಕಟ್ಟಿ ಬೀಸಿದ್ರೆ ಇದರ ಸೊಂಟ ಮುರಿಯುತ್ತೆ," ಎಂದ.

ಎರಡನೆಯದು ಸಮುದ್ರಕ್ಕೆ ಮಾಡಿದ್ದು. ಗುದ್ದಲಿಯ ಕಾವಿನಂತಿತ್ತು, ಮೀನು ಹಿಡಿಯಲೂಬಹುದು, ಮೀನಿನ ತಲೆಗೆ ಹೊಡೆಯಲೂಬಹುದು. ಮೂರನೆಯದು ಅವನೆತ್ತರಕ್ಕಿಂತ ಎರಡು ಅಡಿ ಉದ್ದ. ಬುಡ ಗಟ್ಟಿ, ತುದಿ ಮಾತ್ರ ಸ್ವಲ್ಪ ಮಾತು ಕೇಳುವಂಥದ್ದು, ಎರಡೂ ಕೈ ಇಟ್ಟು ಬೀಸಲು ಉದ್ದನೆಯ ಹಿಡಿ. ಲಾಯ್ಡ್ ಮೊಣಕಾಲು ಬಗ್ಗಿಸಿ ಆರ್ಡಿಸಳ ಎತ್ತರಕ್ಕೆ ಕುಗ್ಗಿದ, ಭುಜ ಒಳಗೆ ಎಳೆದುಕೊಂಡ, ಅವಳ ಪುಟ್ಟ ಕೈಯನ್ನು ನೆನೆದು ಬೆರಳುಗಳನ್ನು ಮಡಿಚಿಕೊಂಡು ಹಿಡಿಯನ್ನು ಹಿಡಿದ. ಮೊಣಕೈ ಕೆಳಗೆ ಸರಿಯಾಗಿ ಕೂತಿತು.

"ಯಾಕೋ ಹಾಗೆ ನಿಂತ್ಕೊಂಡಿದೀಯ? ಹೊಟ್ಟೆನೋವಾ?" ಎಂದಳು ವೆರ್ನಾ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕ್ಲಬ್ಬಿನ ಅಧ್ಯಕ್ಷ ಹಾರ್ಲನ್ ಟೆಸ್ಕೆ. ಹೊರಗೆ ಅವನ ಪಿಕಪ್ಪು, ಹಿಂದೆ ಗಾಲಿಬಂಡಿಯ ಮೇಲೆ ನೀಲಿ ಹೊದಿಕೆ ಹಾಕಿದ ದೋಣಿ. ಅವನು ಲಾಯ್ಡನನ್ನು ನೋಡಿದ, ಕೈಯಲ್ಲಿದ್ದ ರಾಡನ್ನು ನೋಡಿದ, ಕೆಳಗೆ ನೇತಾಡುವ ರೀಲನ್ನು ನೋಡಿದ.

"ಏನಯ್ಯಾ ಅದು?"

ಹೆಂಡತಿಗೆ ಎಂದರೆ ದ್ರೋಹ. ತನಗೆ ಎಂದರೆ ಅವಮಾನ. ಲಾಯ್ಡನ ಬಾಯಿಗೆ ಮೊದಲು ಬಂದ ಮಾತು ಹೊರಬಿತ್ತು.

"ಹೆಬ್ಬೆರಳು. ನನ್ನ ಹೆಬ್ಬೆರಳು ಹೋಗಿದೆ, ಹಾರ್ಲನ್."

ಹಾರ್ಲನ್ ಬಗ್ಗಿ ನೋಡಿದ. ಹೆಬ್ಬೆರಳು ಇದ್ದ ಜಾಗದಲ್ಲೇ ಇತ್ತು.

"ಒಳಗಿನಿಂದ," ಎಂದು ಲಾಯ್ಡ್ ಸೇರಿಸಿದ.

"ಯಾವ ಕೈ?"

"ಬಲಗೈ. ಒತ್ತೋಕಾಗಲ್ಲ. ಅದಕ್ಕೇ ಈ ದರಿದ್ರದ್ದು."

ಹಾರ್ಲನ್ ಟೋಪಿ ತೆಗೆದ. ಆ ಊರಿನ ಗಂಡಸರು ಒಬ್ಬರನ್ನೊಬ್ಬರು ಮುಟ್ಟುವುದು ನೀರಿಗೆ ಬಿದ್ದವನನ್ನು ಎಳೆದುಹಾಕುವಾಗ ಮಾತ್ರ. ಅವನು ಲಾಯ್ಡನ ಭುಜದ ಮೇಲೆ ಕೈಯಿಟ್ಟು, ಬಂದ ಕೆಲಸವನ್ನೂ ಮರೆತು ಹೊರಗೆ ನಡೆದ.

"ಅಯ್ಯೋ ಪಾಪ," ಎಂದಳು ವೆರ್ನಾ, ಬೀದಿಗೆಲ್ಲ ಕೇಳುವಂತೆ. "ಅಂಗಳದಲ್ಲಿ ಒಂದ್ಸಲ ಬೀಸಿ ನೋಡು. ಕಾಯಿಲೆ ಕೈಗೆ ಒಗ್ಗುತ್ತಾ ಇಲ್ವಾ ಗೊತ್ತಾಗ್ಲಿ."

ಲಾಯ್ಡ್ ಹುಸಿಮೀನು ಕಟ್ಟಿ ಅಂಗಳದಲ್ಲಿ ನಿಂತು ಬೀಸಿದ. ಇಷ್ಟು ವರ್ಷದ ಅಭ್ಯಾಸ. ಹೆಬ್ಬೆರಳು ಮೇಲಿನ ರೀಲನ್ನು ಹುಡುಕಿತು. ಅಲ್ಲಿ ರೀಲಿರಲಿಲ್ಲ. ಹುಡುಕಾಟದಲ್ಲಿ ಕೈ ಪಕ್ಕಕ್ಕೆ ಹೊರಳಿತು, ಕೊಕ್ಕೆಗಳಿದ್ದ ಹುಸಿಮೀನು ಅಡ್ಡಡ್ಡ ಹಾರಿ ಹಾರ್ಲನ್‌ನ ದೋಣಿಯ ನೀಲಿ ಹೊದಿಕೆಗೆ ಕಚ್ಚಿಕೊಂಡಿತು. ಕಣ್ಣೊರೆಸಿಕೊಳ್ಳುತ್ತಿದ್ದ ಹಾರ್ಲನ್ ಅದೇ ಕ್ಷಣ ಗಾಡಿ ಬಿಟ್ಟ.

ರೀಲು ಕಿರುಚಿತು. ರಾಡು ಕಾಮನಬಿಲ್ಲಿನಂತೆ ಬಾಗಿತು. ಬಿಟ್ಟುಬಿಡೋಣವೆಂದರೆ ವೆರ್ನಾಳ ಮಾಲು, ಇನ್ನೂ ಕೊಂಡಿಲ್ಲ. ಹಿಡಿದುಕೊಳ್ಳೋಣವೆಂದರೆ ಆ ತುದಿಯಲ್ಲಿರುವುದು ಮೀನಲ್ಲ, ಪಿಕಪ್ಪು. ಲಾಯ್ಡ್ ಓಡಿದ. ಕ್ಷೌರದಂಗಡಿ ದಾಟಿ, ಬ್ಯಾಂಕು ದಾಟಿ, ಎರಡೂ ಕೈಯಲ್ಲಿ ರಾಡು ಎತ್ತಿ ಹಿಡಿದು, ಬಾಯಿ ತೆರೆದುಕೊಂಡು, ಊರಿನ ದೊಡ್ಡ ರಸ್ತೆಯ ನಟ್ಟನಡುವೆ ಓಡಿದ. ಲೂಥರನ್ ಚರ್ಚಿನ ಮುಂದೆ ಹೂವಿನ ಸಸಿ ನೆಡುತ್ತಿದ್ದ ಹಾರ್ಲನ್‌ನ ಹೆಂಡತಿ ಫ್ಲಾರೆನ್ಸ್ ತಲೆಯೆತ್ತಿದಳು.

"ಏನು ಓಟ, ಲಾಯ್ಡ್?"

ಉತ್ತರಿಸಲು ಉಸಿರಿರಲಿಲ್ಲ.

ಕೆಂಪು ದೀಪದ ಹತ್ತಿರ ಹಾರ್ಲನ್ ನಿಲ್ಲಿಸಿದ. ಲಾಯ್ಡ್ ಬಂದ ಭರಕ್ಕೆ ದೋಣಿಯ ಮೇಲೇ ಕವುಚಿಬಿದ್ದು, ಹೊಟ್ಟೆಯಡಿ ಸಿಕ್ಕ ಕೊಕ್ಕೆಯನ್ನು ಗುಟ್ಟಾಗಿ ಬಿಡಿಸಿಕೊಂಡ. ಹಾರ್ಲನ್ ಇಳಿದು ಬಂದು ನೋಡಿದರೆ ಗೆಳೆಯ ಎದೆ ಹಿಡಿದುಕೊಂಡು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದಾನೆ.

"ನನ್ನ ಹಿಂದೆ ಓಡಿಬಂದ್ಯಾ? ಏನೋ ಹೇಳಬೇಕಿತ್ತಾ?"

ಲಾಯ್ಡ್ ತಲೆಯಲ್ಲಾಡಿಸಿದ. ಯಾವ ಕಡೆಗೆ ಅಲ್ಲಾಡಿಸಿದನೋ ಅವನಿಗೇ ಗೊತ್ತಾಗಲಿಲ್ಲ.

"ಹೇಳಬೇಡ," ಎಂದ ಹಾರ್ಲನ್. "ಅರ್ಥ ಆಯ್ತು."

ಒಂದು ಸಮಾಧಾನವೆಂದರೆ ರಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. "ದೋಣಿ ಹಿಡಿದ ರಾಡು ಮೀನಿಗೆ ಹೆದರುತ್ತಾ?" ಎಂದು ವೆರ್ನಾ ಅದರ ರೀಲು ಬಿಚ್ಚಿ ಇನ್ನೂ ಒಳ್ಳೆಯದೊಂದನ್ನು ಹೊಂದಿಸಿಕೊಟ್ಟಳು. ಲಾಯ್ಡ್ ಹಿಂದಿನ ಓಣಿಯಿಂದ ಮನೆ ಸೇರಿ, ಶೆಡ್ಡಿನಲ್ಲಿ ಅಡಗಿ ಕೂತು, ಇಡೀ ಮಧ್ಯಾಹ್ನ ರೀಲಿಗೆ ದಾರ ಸುತ್ತಿದ. ಆರ್ಡಿಸಳ ಕೈ ಜಾರಬಾರದೆಂದು ಹಿಡಿಗೆ ಮೆತ್ತನೆಯ ಪಟ್ಟಿ ಸುತ್ತಿದ. ದೋಣಿಯಲ್ಲಿ ಅವಳು ಕೂರುವ ಹಲಗೆಗೆ ದಿಂಬು ಕಟ್ಟಿದ. ಅವಳು ಮೊದಲ ಸಲ ಬೀಸುವಾಗ ತಾನು ಎಲ್ಲಿ ನಿಂತಿರಬೇಕು, ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಸೀಟಿ ಹಾಕಿದ.

ಸಂಜೆ ಅಡುಗೆಮನೆಯ ಬಾಗಿಲು ತೆರೆದವನು ಅಲ್ಲೇ ನಿಂತ. ಮೇಜಿನ ಮೇಲೆ ಜಾಗವಿಲ್ಲದಷ್ಟು ಹಾಟ್‌ಡಿಶ್ ತಟ್ಟೆಗಳು, ಓವನ್ನಿನಲ್ಲಿ ಬೇಯಿಸಿ ತಂದವು. ಆಲೂಗೆಡ್ಡೆಯದು, ಟ್ಯೂನಾದು, ಕಾಡಕ್ಕಿಯದು. ಆ ಊರಿನಲ್ಲಿ ಇಷ್ಟು ಹಾಟ್‌ಡಿಶ್ ಒಂದೇ ಮನೆಗೆ ಬರುವುದು ಯಾರಾದರೂ ಸತ್ತಾಗ. ಪಕ್ಕದ ಕೋಣೆಯಲ್ಲಿ ಕ್ಲಬ್ಬಿನ ಗಂಡಸರು ಟೋಪಿ ಕೈಯಲ್ಲಿ ಹಿಡಿದು ಗೋಡೆಗೊರಗಿ ನಿಂತಿದ್ದರು.

"ಕೂತ್ಕೋ, ಕೂತ್ಕೋ," ಎಂದು ಫ್ಲಾರೆನ್ಸ್ ಕುರ್ಚಿ ಎಳೆದಳು. "ನಮ್ಮ ಚಿಕ್ಕಪ್ಪನಿಗೂ ಹೀಗೇ. ಹೆಬ್ಬೆರಳಿಂದ ಶುರುವಾಗಿ ಎದೆಗೆ ಹೋಯ್ತು."

"ನನಗೇನೂ ಎದೆ..."

"ಓಡ್ತಿದ್ದಾಗ ನಾನೇ ನೋಡಿದೀನಿ, ಬಿಡು."

ಹಾರ್ಲನ್ ಗಂಟಲು ಸರಿಮಾಡಿಕೊಂಡ. "ಈ ಸೀಸನ್ ಪೂರ್ತಿ ರಾಡು ಮುಟ್ಟಕೂಡದು ಅಂತ ಡಾಕ್ಟರು ಹೇಳಿದ್ದು ಗೊತ್ತಾಯ್ತು, ಲಾಯ್ಡ್."

ಯಾವ ಡಾಕ್ಟರು ಎಂದು ಲಾಯ್ಡನಿಗೆ ಹೊಳೆಯಲಿಲ್ಲ. ಸುದ್ದಿ ಈ ಊರಲ್ಲಿ ಬ್ರೆಡ್ಡಿನ ಹಿಟ್ಟಿನ ಹಾಗೆ, ಮುಚ್ಚಿಟ್ಟಷ್ಟೂ ಉಬ್ಬುತ್ತದೆ ಎಂದುಕೊಂಡ.

"ಅದಕ್ಕೇ ಕ್ಲಬ್ಬು ತೀರ್ಮಾನ ಮಾಡಿದೆ," ಎಂದು ಹಾರ್ಲನ್ ಮುಂದುವರಿಸಿದ. "ನಾಳೆ ದಡದಲ್ಲಿ ಅಳತೆ ಹಲಗೆ ನಿನ್ನದು. ಯಾರು ಏನು ಹಿಡಿದ್ರೂ ನಿನ್ನ ಮುಂದೆ ತಂದು ಅಳೆಸಿ, ಆಮೇಲೆ ನೀರಿಗೆ ಬಿಡೋದು. ಕುರ್ಚಿ ಹಾಕಿಸ್ತೀವಿ, ಕಂಬಳಿ ತರ್ತೀವಿ. ನಿನ್ನ ದೋಣಿಯೂ ಸುಮ್ನೆ ನಿಲ್ಲಬಾರದು. ಆರ್ಡಿಸ್, ಫ್ಲಾರೆನ್ಸ್, ವೆರ್ನಾ ಮೂವರೂ ನಿನ್ನ ಹೆಸರಲ್ಲಿ ಹೋಗ್ತಾರೆ. ನಮ್ಮ ಒಪ್ಪಂದ ಏನಿದ್ರೂ ಆರೋಗ್ಯವಾಗಿರೋ ಗಂಡಸರಿಗೆ."

ಗೋಡೆಗೊರಗಿದ್ದವರು ತಲೆಯಾಡಿಸಿದರು. ಅವರಲ್ಲೊಬ್ಬ ಮೂಗು ಒರೆಸಿಕೊಂಡ.

ಲಾಯ್ಡ್ ಬಾಯಿ ತೆರೆದ. ನಿಜ ಹೇಳಿದರೆ ಹೆಂಡತಿಗಾಗಿ ಒಪ್ಪಂದ ಮುರಿಯಹೊರಟವನು ಎಂದಾಗುತ್ತದೆ, ಅದರ ಮೇಲೆ ಸುಳ್ಳ ಎಂದೂ ಆಗುತ್ತದೆ, ಇಷ್ಟೂ ಹಾಟ್‌ಡಿಶ್ ವಾಪಸು ಕೊಡಬೇಕಾಗುತ್ತದೆ. ಬಾಯಿ ಮುಚ್ಚಿದ.

"ಥ್ಯಾಂಕ್ಸ್," ಎಂದ.

ಎಲ್ಲರೂ ಒಬ್ಬೊಬ್ಬರಾಗಿ ಹೊರಗೆ ಹೋದ ಮೇಲೆ ಲಾಯ್ಡ್ ಶೆಡ್ಡಿನಿಂದ ರಾಡು ತಂದು ಹೆಂಡತಿಯ ಮುಂದಿಟ್ಟು, ಎಲ್ಲವನ್ನೂ ಒಪ್ಪಿಕೊಂಡ. ಆರ್ಡಿಸ್ ರಾಡನ್ನು ಎತ್ತಿ ಹಿಡಿದಳು. ಅದು ಅವಳ ಕೈಯಲ್ಲೇ ಹುಟ್ಟಿದಂತೆ ಕೂತಿತು.

"ಚೆನ್ನಾಗಿ ಆರಿಸಿದೀಯ," ಎಂದಳು. "ನಿನ್ನ ಬೆರಳು ಸರಿಯಾಗೇ ಇದೆ ಅಂತ ನನಗೆ ಗೊತ್ತಿಲ್ವಾ? ಫ್ಲಾರೆನ್ಸ್ ಫೋನ್ ಮಾಡಿ ಕೇಳಿದಾಗಲೇ ಅರ್ಥ ಆಯ್ತು, ನೀನು ಎಲ್ಲಿ ಸಿಕ್ಕಿಬಿದ್ದಿದೀಯ ಅಂತ."

"ಮತ್ತೆ ಆ ಡಾಕ್ಟರ ಸುದ್ದಿ ಹುಟ್ಟಿಸಿದ್ದು ಯಾರು?"

"ನಾನೇ."

ಲಾಯ್ಡ್ ಕುಸಿದು ಕೂತ.

"ಎದೆ ವಿಷಯ ನನ್ನದಲ್ಲ, ಅದು ಅವಳೇ ಸೇರಿಸ್ಕೊಂಡಿದ್ದು," ಎಂದಳು ಆರ್ಡಿಸ್, ಪ್ರಾಮಾಣಿಕವಾಗಿ.

"ಯಾಕೇ ಹಾಗೆ ಮಾಡ್ದೆ? ನನ್ನ ಜೊತೆ ಬರ್ತೀನಿ ಅಂದಿದ್ದೆಯಲ್ಲ."

"ಅಂದಿದ್ದೆ. ಬೆಳಿಗ್ಗೆ ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ನಾನು ಹೇಳಿ ಮುಗಿಸ್ತಿದ್ದ ಹಾಗೇ ನೀನು ಪೊರಕೆ ಹಿಡ್ಕೊಂಡು ಹೇಗೆ ನಿಲ್ಬೇಕು, ಹೇಗೆ ಬೀಸ್ಬೇಕು, ಯಾವಾಗ ಉಸಿರು ಬಿಡ್ಬೇಕು ಅಂತ ತೋರ್ಸೋಕೆ ಶುರು ಮಾಡ್ದೆ. ನನಗೆ ಕಾರು ಕಲಿಸಿದ್ದು ನೆನಪಿದೆಯಾ? ಅದಾದ್ಮೇಲೆ ವರ್ಷಗಟ್ಟಲೆ ನಾನು ಎಲ್ಲಾ ಕಡೆ ನಡ್ಕೊಂಡೇ ಹೋಗ್ತಿದ್ದೆ." ಅವಳು ಅವನ ತಲೆಗೂದಲಲ್ಲಿ ಸಿಕ್ಕಿದ್ದ ದಾರದ ತುಂಡೊಂದನ್ನು ಮೆಲ್ಲಗೆ ಬಿಡಿಸಿದಳು. "ನನಗೆ ಮೀನು ಹಿಡೀಬೇಕು, ಲಾಯ್ಡ್. ಪಾಠ ಬೇಡ. ನೀನು ದಡದಲ್ಲಿರು. ನಾನು ತಂದಾಗ ಸರಿಯಾಗಿ ಅಳಿ."

ಲಾಯ್ಡನಿಗೆ ಹಸಿವಾಗಿತ್ತು. ಹತ್ತಿರದಲ್ಲಿದ್ದ ಹಾಟ್‌ಡಿಶ್ ಎಳೆದುಕೊಂಡು, ಬಲಗೈಯಲ್ಲಿ ಚಮಚ ಎತ್ತಿ, ದೊಡ್ಡದೊಂದು ತುತ್ತು ಬಾಯಿಗಿಟ್ಟ.

ಆರ್ಡಿಸ್ ಕಿಟಕಿಯ ಕಡೆ ನೋಡಿದಳು. ಕ್ಲಬ್ಬಿನವರು ಇನ್ನೂ ಅಂಗಳದಲ್ಲೇ ನಿಂತು, ಗಾಜಿನಾಚೆಯಿಂದ ಮರುಕದಿಂದ ಇಣುಕುತ್ತಿದ್ದರು.

"ಎಡಗೈಲಿ," ಎಂದಳು, ತುಟಿ ಅಲ್ಲಾಡಿಸದೆ.